ಹಸಿರು ಚುಕ್ಕೆಯ ಬೋರ್ಡು

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ಅಂಗಡಿ. ಸೀರೆಗೆ ಫಾಲ್ ಹಚ್ಚುತ್ತೇನೆ, ಪೀಕೋ ಮಾಡುತ್ತೇನೆ, ಬ್ಲೌಸ್ ಹೊಲಿಯುತ್ತೇನೆ. ಬಾಗಿಲ ಪಕ್ಕದ ಅರ್ಧ ಜಾಗ ಜಗದಾಂಬಕ್ಕನದು. ಅಲ್ಲಿ ಅವರ ಮೇಜು, ಬಗ್ಗುವ ಕತ್ತಿನ ದೀಪ, ನೂರೆಂಟು ಡಬ್ಬಿ. ಮಿಕ್ಸಿ, ಸೊಳ್ಳೆ ಬ್ಯಾಟು, ಗಾರ್ಮೆಂಟಿನ ಮಷೀನುಗಳ ಸರ್ಕ್ಯೂಟ್ ಬೋರ್ಡು, ಏನು ಕೆಟ್ಟರೂ ಈ ಬೀದಿಯವರು ಅವರ ಹತ್ತಿರ ಬರುತ್ತಾರೆ. ಅರವತ್ತು ದಾಟಿದ ಹೆಂಗಸು ಎಡಗೈಯಲ್ಲಿ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಹಿಡಿದಿರುವುದನ್ನು ಕಂಡು ಮೂಗು ಮುರಿಯುವ ಗಂಡಸರಿಗೂ ಕೊನೆಗೆ ಅವರೇ ಗತಿ.

ಹನ್ನೊಂದು ವರ್ಷ ಪಕ್ಕದಲ್ಲೇ ಕೂತು ನೋಡಿದ್ದೇನೆ. ಒಳ್ಳೆಯ ಹೆಂಗಸು, ಆದರೆ ವಿಚಿತ್ರ. ಅವರ ಎಡಕ್ಕೆ ಒಂದು ಮರದ ಸ್ಟೂಲ್ ಇದೆ. ಅದರ ಮೇಲೆ ಯಾರೂ ಕೂರುವಂತಿಲ್ಲ. ಬಸುರಿ ಹೆಂಗಸು ಬಂದರೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ತಾವು ನಿಲ್ಲುತ್ತಾರೆಯೇ ಹೊರತು ಆ ಸ್ಟೂಲ್ ತೋರಿಸುವುದಿಲ್ಲ. ಇನ್ನೊಂದು ವಿಷಯ. ರಿಪೇರಿಯವರ ಬಾಯಲ್ಲಿ ಸದಾ ಇರುವ ಮಾತು 'ನಾಳೆ ಬನ್ನಿ'. ಜಗದಾಂಬಕ್ಕ ಅದನ್ನು ಆಡಿದ್ದು ನಾನು ಒಮ್ಮೆಯೂ ಕೇಳಿರಲಿಲ್ಲ. 'ಗುರುವಾರ ಬನ್ನಿ' ಎನ್ನುತ್ತಿದ್ದರು. ಬುಧವಾರವೇ ಹೇಳಿದರೂ ಅವರಿಗದು ಗುರುವಾರ, ನಾಳೆಯಲ್ಲ. ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ.

ಕಳೆದ ಕಾರ್ತಿಕದ ಒಂದು ಸೋಮವಾರ, ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಬಂದ. ಮೂವತ್ತೈದು ದಾಟಿರಬೇಕು. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಬಟ್ಟೆ ಚೀಲ. ಬಂದವನೇ ಸೀದಾ ಆ ಸ್ಟೂಲಿನ ಮೇಲೆ ಕೂತ.

"ಮೊದ್ಲು ಅಲ್ಲಿಂದ ಏಳಪ್ಪ," ಎಂದರು ಜಗದಾಂಬಕ್ಕ.

ಅವನು ಗಾಬರಿಯಾಗಿ ಎದ್ದು, ಚೀಲದಿಂದ ಒಂದು ಹಳೇ ವಿಡಿಯೋ ಗೇಮ್ ಸೆಟ್ ತೆಗೆದ. ನಾವು ಚಿಕ್ಕವರಾಗಿದ್ದಾಗ ಟಿವಿಗೆ ಸಿಕ್ಕಿಸಿ, ಮೇಲೆ ಕ್ಯಾಸೆಟ್ ತುರುಕಿ ಆಡುತ್ತಿದ್ದೆವಲ್ಲ, ಅಂಥದ್ದು. ಬಿಳಿ ಪ್ಲಾಸ್ಟಿಕ್ ಹಳದಿಯಾಗಿತ್ತು. ಬಟನ್ನುಗಳು ಸವೆದು ಬಟ್ಟಲಾಗಿದ್ದವು.

"ಇದನ್ನ ಕೈಲಿ ಹಿಡ್ಕೊಂಡು ಆಡೋ ಹಾಗೆ ಮಾಡ್ಕೊಡ್ಬೇಕು ಆಂಟಿ. ಟಿವಿ ಇರಬಾರ್ದು, ಅದ್ರಲ್ಲೇ ಸ್ಕ್ರೀನು, ಅದ್ರಲ್ಲೇ ಬ್ಯಾಟರಿ. ನಮ್ಮಮ್ಮಂಗೆ."

"ಅಮ್ಮಂಗಾ?" ಎಂದು ನಾನು ಮಷೀನ್ ನಿಲ್ಲಿಸಿ ನಕ್ಕುಬಿಟ್ಟೆ.

ಅವನು ನಗಲಿಲ್ಲ. ತಾಯಿಗೆ ಎರಡೂ ಕಿಡ್ನಿ ಹೋಗಿವೆಯಂತೆ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಮಲಗಿರಬೇಕು. ಮೂವತ್ತು ವರ್ಷದಿಂದ ಈ ಸೆಟ್ಟಿನಲ್ಲಿ ಒಂದೇ ವಿಮಾನದ ಆಟ ಆಡಿಕೊಂಡು ಬಂದ ಜೀವ. ಈಗಿನ ಟಿವಿಗೆ ಇದರ ವೈರು ಕೂರುವುದಿಲ್ಲ, ಆಸ್ಪತ್ರೆಗಂತೂ ಹೊತ್ತುಕೊಂಡು ಹೋಗುವಂತಿಲ್ಲ.

"ಎಡಗೈಗೆ ಸೂಜಿ ಚುಚ್ಚಿರ್ತಾರೆ, ಅಲ್ಲಾಡಿಸೋ ಹಾಗಿಲ್ಲ. ಬಲಗೈ ಒಂದ್ರಲ್ಲೇ ಆಡೋ ಹಾಗಿರ್ಬೇಕು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಒಬ್ರು ಮಾಡ್ತೀನಿ ಅಂದ್ರು. ಅಮ್ಮ ಒಪ್ಲಿಲ್ಲ. ಕಾಮಾಕ್ಷಿಪಾಳ್ಯದ ಜಗದಾಂಬಾ ಕೈಲೇ ಆಗ್ಬೇಕು ಅಂತ ಹಟ." ಅವನು ಸೆಟ್ಟನ್ನು ಮತ್ತೆ ಚೀಲಕ್ಕೆ ಹಾಕುತ್ತಾ ಸೇರಿಸಿದ, "ಇನ್ನೊಂದು ಮಾತು ಹೇಳು ಅಂದ್ರು. 'ನಾಳೆ ಬಾ ಅಂದಿದ್ಯಲ್ಲ, ಬಂದಿದೀನಿ' ಅಂತ. ಅದೇನು ಅಂತ ನಂಗೂ ಗೊತ್ತಿಲ್ಲ ಆಂಟಿ."

"ನಿಮ್ಮಮ್ಮನ ಹೆಸರು?"

"ಮುನಿತಾಯಮ್ಮ. ನಾನು ಶಿವಕಿರಣ್. ಕೆಂಗೇರಿಯಲ್ಲಿದೀವಿ."

ಜಗದಾಂಬಕ್ಕ ಬಿಸಿ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಇಡಲು ಹೋಗಿ ಪಕ್ಕಕ್ಕೆ ಇಟ್ಟರು. ಪಕ್ಕದಲ್ಲಿ ಇದ್ದದ್ದು ನನ್ನ ಗಿರಾಕಿಯ ಮೈಸೂರು ಸಿಲ್ಕ್. ಸುಟ್ಟ ವಾಸನೆ ಬಂದ ಮೇಲೆಯೇ ನನಗೆ ಗೊತ್ತಾದದ್ದು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಅವರಿಗೆ ಒಂದು ಮಾತೂ ಕೇಳಿಸಲಿಲ್ಲ. ಅವನು ಹೋದ ಮೇಲೂ ಸ್ಟೂಲನ್ನೇ ನೋಡುತ್ತಾ ಕೂತಿದ್ದರು.

ಆ ವಾರ ಪೂರ್ತಿ ಸೆಟ್ಟು ಚೀಲದಿಂದ ಹೊರಗೆ ಬರಲಿಲ್ಲ. ಯಾರಾದರೂ ಶಟರ್ ತಟ್ಟಿದರೆ ಜಗದಾಂಬಕ್ಕ ಬೆಚ್ಚಿಬೀಳುತ್ತಿದ್ದರು. ಟೀ ತಂದುಕೊಟ್ಟರೆ ಲೋಟವನ್ನು ಸ್ಟೂಲಿನ ಮೇಲಿಟ್ಟು ಮರೆಯುತ್ತಿದ್ದರು. ಒಮ್ಮೆ ಕೆಲಸದ ನಡುವೆ ತಲೆಯೆತ್ತದೆ ಎಡಕ್ಕೆ ಕೈ ಚಾಚಿ, "ಮುನಿತಾಯಿ, ಕಟರ್ ಕೊಡೇ," ಎಂದರು. ಮಟಮಟ ಮಧ್ಯಾಹ್ನ, ಹೊರಗೆ ಬಸ್ಸು ಆಟೋಗಳ ಗಲಾಟೆ. ಆದರೂ ನನ್ನ ಮೈ ಜುಮ್ಮೆಂದಿತು. ಕೈ ಹಾಗೇ ಸ್ವಲ್ಪ ಹೊತ್ತು ಚಾಚಿಕೊಂಡಿತ್ತು. ಆಮೇಲೆ ಅವರೇ ಕಟರ್ ಹುಡುಕಿಕೊಂಡರು.

ಶನಿವಾರ ನನಗೆ ತಡೆಯಲಾಗಲಿಲ್ಲ. "ಅಕ್ಕ, ಅಲ್ಲಿ ಒಂದು ಜೀವ ಕಾಯ್ತಾ ಇದೆ. ಆಗುತ್ತೆ ಅಂದ್ರೆ ಮಾಡಿ, ಇಲ್ಲ ಅಂದ್ರೆ ವಾಪಸ್ ಕೊಡಿ," ಎಂದು ನಾನೇ ಚೀಲ ತೆಗೆದು ಮೇಜಿನ ಮೇಲಿಟ್ಟೆ. ಅವರು ಸ್ಕ್ರೂ ಬಿಚ್ಚಿದರು. ಮುಚ್ಚಳ ತೆಗೆದರು. ಹಸಿರು ಬೋರ್ಡು, ಒಂದು ಮೂಲೆಯಲ್ಲಿ ಟಿವಿಗೆ ಚಿತ್ರ ಕಳಿಸುವ ತಗಡಿನ ಸಣ್ಣ ಡಬ್ಬಿ, ಅದರ ಪಕ್ಕದಲ್ಲಿ ನೈಲ್ ಪಾಲಿಷಿನ ಒಂದು ಚುಕ್ಕೆ, ಎಳೆ ಬಾಳೆಲೆಯ ಬಣ್ಣದ್ದು. ಅವರು ಬೋರ್ಡನ್ನು ಮಗುಚಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

"ನೋಡು. ಇದು ಯಾರ ಕೈ ಹೇಳು."

ಸೋಲ್ಡರ್ ಹಚ್ಚಿ ಐರನ್ ತೆಗೆಯುವಾಗ ಬಿಂದುವಿನ ತುದಿಗೆ ಒಂದು ಸಣ್ಣ ಬಾಲ ಬರುತ್ತದೆ. ಬಲಗೈಯವರದು ಬಲಕ್ಕೆ ವಾಲುತ್ತದೆ, ಎಡಗೈಯವರದು ಎಡಕ್ಕೆ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವಳಿಗೆ ಅಷ್ಟೂ ಗೊತ್ತಾಗದೇ? ಸಾಲುಸಾಲಾಗಿ ಬಾಲಗಳೆಲ್ಲ ಎಡಕ್ಕೇ ವಾಲಿದಂತೆ ಕಂಡವು.

"ನಿಮ್ದೇ ಅಲ್ವಾ ಅಕ್ಕ?"

"ನಂದೇ. ಆದ್ರೆ ಚುಕ್ಕೆ ಮುನಿತಾಯಿದು."

ಅಂದು ಅವರು ಹೇಳಿದ್ದನ್ನು ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಜಗದಾಂಬಕ್ಕ ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿದ್ದರು. ಈಗ ಅದು ಮುಚ್ಚಿ ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲಿ ಈ ಸೆಟ್ಟುಗಳನ್ನು ಜೋಡಿಸುತ್ತಿದ್ದರು. ಉದ್ದನೆಯ ಬೆಂಚು, ಇಪ್ಪತ್ತು ಹೆಂಗಸರು. ಜಗದಾಂಬಕ್ಕನ ಎಡಕ್ಕೆ ಮುನಿತಾಯಮ್ಮ. ಒಂದೇ ಡಬ್ಬಿಯ ಊಟ, ಒಂದೇ ಬಸ್ಸು. ಯಾರು ಯಾವ ಬೋರ್ಡು ಮಾಡಿದರೆಂದು ಗೊತ್ತಾಗಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನೈಲ್ ಪಾಲಿಷ್. ಬೋರ್ಡು ಮುಗಿಸಿ ಮೂಲೆಯಲ್ಲಿ ಚುಕ್ಕೆ ಇಟ್ಟು ಮುಂದಕ್ಕೆ ತಳ್ಳಬೇಕು. ಜಗದಾಂಬಕ್ಕನದು ಕೆಂಪು, ಮುನಿತಾಯಮ್ಮನದು ಹಸಿರು.

ಒಂದು ದಿನ ಅಂಗಡಿಗೆ ಹೋಗಿದ್ದ ಏಳು ಸೆಟ್ಟುಗಳು ಒಟ್ಟಿಗೆ ವಾಪಸ್ ಬಂದವು. ಎಲ್ಲದರಲ್ಲೂ ಒಂದೇ ತಕರಾರು. ಸ್ವಲ್ಪ ಬಿಸಿಯಾದರೆ ಚಿತ್ರ ಮಾಯ, ಬರೀ ಹಾಡು. ಚಿತ್ರ ಕೊಡುವ ಟ್ರಾನ್ಸಿಸ್ಟರಿನ ಕಾಲಿಗೆ ಡ್ರೈ ಸೋಲ್ಡರ್ ಆಗಿತ್ತು. ನೋಡಲು ಅಂಟಿದಂತಿರುತ್ತದೆ, ಒಳಗೆ ಅಂಟಿರುವುದಿಲ್ಲ. ಸೂಪರ್‌ವೈಸರ್ ಬರುವ ಮುಂಚೆ ಮುಚ್ಚಳ ಬಿಚ್ಚಿಡಲು ಜಗದಾಂಬಕ್ಕನಿಗೇ ಹೇಳಿದ್ದರು. ಬಿಚ್ಚಿದರೆ ಏಳರಲ್ಲೂ ಕೆಂಪು ಚುಕ್ಕೆ. ಮಗಳಿಗೆ ಜ್ವರವಿದ್ದ ವಾರ ಅವಸರದಲ್ಲಿ ಮಾಡಿದ ಕೆಲಸ.

"ಆಗ್ಲೇ ಎರಡು ವಾರ್ನಿಂಗ್ ಆಗಿತ್ತು ಕಣೇ. ನಮ್ಮನೆಯವರಿಗೆ ಮಿಲ್ಲು ಲಾಕೌಟ್. ಮುನಿತಾಯಿ ಟೀ ತರಕ್ಕೆ ಹೋಗಿದ್ಲು. ಇಬ್ರಿಗೂ ತರೋದು ಅವತ್ತು ಅವಳ ಸರದಿ. ಥಿನ್ನರಲ್ಲಿ ನನ್ನ ಚುಕ್ಕೆ ಒರೆಸ್ದೆ. ಅವಳ ಬಾಟ್ಲಿ ಪಕ್ಕದಲ್ಲೇ ಇತ್ತು. ಅವಳಿಗೆ ಒಂದು ವಾರ್ನಿಂಗೂ ಇರ್ಲಿಲ್ಲ, ಬೈದು ಬಿಡ್ತಾರೆ ಅಂದ್ಕೊಂಡೆ."

ಬೈದು ಬಿಡಲಿಲ್ಲ. ಅವತ್ತೇ ಮನೆಗೆ ಕಳಿಸಿದರು. ಸೂಪರ್‌ವೈಸರ್ ಏಳರಲ್ಲಿ ಒಂದನ್ನು ಮುನಿತಾಯಮ್ಮನ ಕೈಗೆ ತುರುಕಿ, 'ನೀನು ಕೆಡಿಸಿದ್ದು, ಮನೇಲಿಟ್ಟು ಪೂಜೆ ಮಾಡು' ಅಂದನಂತೆ. ಮುನಿತಾಯಮ್ಮ ಬೋರ್ಡನ್ನು ಒಮ್ಮೆ ಮಗುಚಿ ನೋಡಿದರು. ಜಗದಾಂಬಕ್ಕನ ಮುಖ ನೋಡಲಿಲ್ಲ. ತಂದಿದ್ದ ಟೀ ಎರಡು ಲೋಟ ಬೆಂಚಿನ ಮೇಲೆ ತಣ್ಣಗಾಗಿತ್ತು.

ಇಷ್ಟೇ ಆಗಿದ್ದರೆ ಹೊಟ್ಟೆಪಾಡಿಗೆ ಮಾಡಿದ ತಪ್ಪು ಎಂದು ನಾನು ಸುಮ್ಮನಾಗುತ್ತಿದ್ದೆ. ಇಷ್ಟೇ ಆಗಿರಲಿಲ್ಲ.

ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಒಂದು ದೆವ್ವದ ಸುದ್ದಿ ಹಬ್ಬಿತ್ತು. ನಮ್ಮ ಮನೆ ಬಾಗಿಲ ಮೇಲೂ ಅಜ್ಜಿ ಬರೆಸಿದ್ದರು, ನನಗೆ ನೆನಪಿದೆ. ಹೊತ್ತು ಮುಳುಗಿದ ಮೇಲೆ ಅದು ಬಂದು ನಮ್ಮವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಅದಕ್ಕೇ ಎಲ್ಲರ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ದೆವ್ವ ಅದನ್ನು ಓದಿ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಜಗದಾಂಬಕ್ಕನ ಬಾಗಿಲ ಮೇಲೂ ಅತ್ತೆ ಸುಣ್ಣದಲ್ಲಿ ಬರೆದಿದ್ದರು.

ಮುನಿತಾಯಮ್ಮನ ಕೆಲಸ ಹೋದ ನಾಲ್ಕನೇ ದಿನ, ದೀಪ ಹಚ್ಚುವ ಹೊತ್ತಿಗೆ, ಆ ಬಾಗಿಲು ತಟ್ಟಿದ ಸದ್ದಾಯಿತು.

"'ಜಗ್ಗೀ, ನಾನು ಕಣೇ, ಮುನಿತಾಯಿ. ಒಂದ್ನಿಮಿಷ ಬಾಗ್ಲು ತೆಗಿ' ಅಂದ್ಲು. ನಮ್ಮತ್ತೆ ನನ್ನ ಕೈ ಹಿಡ್ಕೊಂಡ್ರು. 'ತೆಗೀಬೇಡ, ಅದೇ ಅದು' ಅಂದ್ರು. ನಂಗೆ ಗೊತ್ತಿತ್ತು ಸುಮಾ. ಅವಳ ಕೆಮ್ಮು ಗೊತ್ತಿಲ್ವಾ ನಂಗೆ? ಚಪ್ಪಲಿ ಸದ್ದು ಗೊತ್ತಿಲ್ವಾ? ಮಗಳ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಮೂರು ಸಲ ಕರೆದ್ಲು. ಆಮೇಲೆ ಸುಮ್ನಾದ್ಲು. ಬಾಗ್ಲ ಮೇಲೆ ಬರ್ದಿದ್ದು ಓದ್ತಾ ಇದಾಳೆ ಅಂತ ನಂಗೆ ಒಳಗಿಂದ್ಲೇ ಗೊತ್ತಾಯ್ತು. ಹೊರಟೋದ್ಲು."

ಅಂದಿನಿಂದ ಜಗದಾಂಬಕ್ಕನಿಗೆ ಆ ಸದ್ದು ಬಿಟ್ಟಿಲ್ಲ. ಮೂವತ್ತು ವರ್ಷ, ಹೊತ್ತು ಮುಳುಗಿದರೆ ಸಾಕು, ಮೂರು ಸಲ ತಟ್ಟಿದ ಹಾಗೆ. ಸತ್ತವರು ಕಾಡುತ್ತಾರೆ ಅನ್ನುತ್ತಾರೆ. ಕೆಂಗೇರಿಯಲ್ಲಿ ಬದುಕಿ, ಊದುಬತ್ತಿ ಹೊಸೆದು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದುಕೊಂಡಿದ್ದ ಮುನಿತಾಯಮ್ಮ ಕಾಡಿದಂತೆ ಯಾವ ಸತ್ತವರೂ ಇವರನ್ನು ಕಾಡಿರಲಾರರು.

ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. "ಬಸ್ಸಲ್ಲಿ ಮುಕ್ಕಾಲು ಗಂಟೆ ದಾರಿ ಅಕ್ಕ. ಮೂವತ್ತು ವರ್ಷದಲ್ಲಿ ಒಂದು ದಿನ ಹೋಗಕ್ಕಾಗ್ಲಿಲ್ವಾ?" ಎಂದೆ.

"ಅವಳಿಗೆ ಗೊತ್ತಿರ್ಲಿಕ್ಕಿಲ್ಲ ಅಂದ್ಕೊಂಡೇ ಇದ್ದೆ," ಎಂದು ಅವರು ಬೋರ್ಡಿನ ಮೂಲೆಗೆ ಬೆರಳಿಟ್ಟು ತೋರಿಸಿದರು. ನೂರಾರು ಬಾಲಗಳ ನಡುವೆ ಒಂದೇ ಒಂದು ಬಲಕ್ಕೆ ವಾಲಿತ್ತು. ಕೆಟ್ಟಿದ್ದ ಆ ಟ್ರಾನ್ಸಿಸ್ಟರಿನ ಕಾಲು ಅದು. ಯಾರೋ ಬಲಗೈಯವರು ಅಚ್ಚುಕಟ್ಟಾಗಿ ಮತ್ತೆ ಬೆಸೆದಿದ್ದರು. ಅದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಇನ್ನೊಂದು ಹಸಿರು ಚುಕ್ಕೆ. "ಮನೇಲಿ ಕೂತು ಸರಿ ಮಾಡಿದಾಳೆ. ಇದೊಂದು ಮಾತ್ರ ನಂದು ಅಂತ ಗುರುತು ಇಟ್ಟಿದಾಳೆ. ಎಲ್ಲಾ ಗೊತ್ತು ಅವಳಿಗೆ."

"ಹಾಗಾದ್ರೆ ಹೋಗಿ ಹೇಳ್ಬಿಡಿ."

"ಮೊದ್ಲು ಇದನ್ನ ಮಾಡ್ತೀನಿ," ಎಂದರು.

ಮಾಡಿದ್ದು ನಿಜ. ನನ್ನ ಊಟದ ಡಬ್ಬಿಯ ಮೇಲೆ ಅವರ ಕಣ್ಣು ಬಿತ್ತು. ಚಪ್ಪಟೆ, ನೀಲಿ ಪ್ಲಾಸ್ಟಿಕ್, ಒಂದು ಕೈಯಲ್ಲಿ ಹಿಡಿಯುವಷ್ಟು. ಮೊಸರನ್ನ ಇನ್ನೂ ಅದರಲ್ಲಿತ್ತು. ತಿನ್ನಲು ಐದು ನಿಮಿಷ ಕೊಟ್ಟು ಕಿತ್ತುಕೊಂಡರು. ಕಾರು ಹಿಂದಕ್ಕೆ ತೆಗೆಯುವಾಗ ಡ್ರೈವರಿಗೆ ಹಿಂದಿನ ರಸ್ತೆ ತೋರಿಸುವ ಸಣ್ಣ ಸ್ಕ್ರೀನನ್ನು ಜೆಸಿ ರೋಡಿನಿಂದ ತರಿಸಿ ಮುಚ್ಚಳಕ್ಕೆ ಕೂರಿಸಿದರು. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಒಡೆದು ಎರಡು ಸೆಲ್ ತೆಗೆದರು. ಆಟದ ಕ್ಯಾಸೆಟ್ಟಿನ ಒಳಗಿನ ಹಲಗೆಯನ್ನು ನೇರವಾಗಿ ಬೋರ್ಡಿಗೇ ಬೆಸೆದರು. ಬಟನ್ನುಗಳಿಗೇ ಎರಡು ದಿನ ಹಿಡಿಯಿತು. ಎಡಗೈಯನ್ನು ಸೊಂಟಕ್ಕೆ ದುಪಟ್ಟಾದಲ್ಲಿ ಕಟ್ಟಿಸಿಕೊಂಡು, ಬರದ ಬಲಗೈಯಲ್ಲಿ ತಾವೇ ಹಿಡಿದು ಹಿಡಿದು ನೋಡಿದರು. ಹೆಬ್ಬೆರಳಿಗೆ ದಿಕ್ಕು, ಡಬ್ಬಿಯ ಬೆನ್ನಿನಲ್ಲಿ ತೋರುಬೆರಳಿಗೆ ಗುಂಡು ಹಾರಿಸುವ ಬಟನ್. ಆ ಎರಡು ದಿನ ಅವರನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ಉಳಿದದ್ದು ಒಂದೇ ತೊಡಕು. ಬೋರ್ಡು ಊಟದ ಡಬ್ಬಿಗಿಂತ ಎರಡು ಬೆರಳು ಉದ್ದ. ಟಿವಿಗೆ ಚಿತ್ರ ಕಳಿಸುವ ತಗಡಿನ ಡಬ್ಬಿ ಈಗ ಬೇಡವಾದ್ದರಿಂದ ಆ ಮೂಲೆಯನ್ನು ಕತ್ತರಿಸಬಹುದು. ಆ ಮೂಲೆಯಲ್ಲೇ ಎರಡೂ ಚುಕ್ಕೆಗಳು. ನಾನು ಗಿರಾಕಿಗೆ ಅಳತೆ ತೆಗೆಯುತ್ತಿದ್ದೆ. ಗರಗಸದ ಸದ್ದು ಕೇಳಿ ತಿರುಗುವಷ್ಟರಲ್ಲಿ ಮೂಲೆ ತುಂಡಾಗಿತ್ತು. ತುಂಡನ್ನು ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಸ್ವಿಚ್ ಒತ್ತಿದರು. ಹಾಡು ಶುರುವಾಯಿತು, ಆ ವಿಮಾನದ ಆಟದ ಟುಂಯ್ ಟುಂಯ್ ಹಾಡು. ಸ್ಕ್ರೀನು ಕಪ್ಪಗೆ ಹಾಗೇ ಇತ್ತು. ಬಟನ್ ಒತ್ತಿದರೆ ಒಳಗೆಲ್ಲೋ ಗುಂಡು ಹಾರಿದ ಸದ್ದು, ಏನೋ ಸಿಡಿದ ಸದ್ದು, ಚಿತ್ರ ಮಾತ್ರ ಇಲ್ಲ. ಚಿತ್ರದ ಟ್ರಾನ್ಸಿಸ್ಟರ್ ಸೆರಗಿನ ಗಂಟಿನಲ್ಲಿತ್ತಲ್ಲ! ಅದು ಅಲ್ಲೇ ಇದೆಯೆಂದು ನಾಲ್ಕು ದಿನದ ಹಿಂದೆ ನನಗೆ ತೋರಿಸಿದವರೇ ಅವರು. ಗರಗಸ ಎತ್ತುವಾಗ ಅವರ ಕಣ್ಣಿಗೆ ಚುಕ್ಕೆ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಅವರು ಆರಿಸಲಿಲ್ಲ. ಕಪ್ಪು ಸ್ಕ್ರೀನಿನ ಮುಂದೆ ಕೂತು ಆ ಹಾಡನ್ನು ಕೇಳುತ್ತಲೇ ಇದ್ದರು. "ಅವತ್ತು ವಾಪಸ್ ಬಂದಿದ್ದ ಏಳೂ ಹೀಗೇ ಹಾಡ್ತಿದ್ವು," ಎಂದರು. ಅಂಗಡಿಯಲ್ಲಿದ್ದ ಗಿರಾಕಿ ಬ್ಲೌಸು ಬಿಟ್ಟು ಹೊರಟುಹೋದಳು.

"ಬೇರೆ ಟ್ರಾನ್ಸಿಸ್ಟರ್ ಹಾಕಿದ್ರೆ ಆಗಲ್ವಾ?" ಎಂದು ಕೇಳಿದೆ.

"ಆಗುತ್ತೆ. ಐದು ನಿಮಿಷದ ಕೆಲಸ. ಡಬ್ಬಿ ತುಂಬಾ ಇದೆ."

ಆದರೆ ಅವರು ಸೆರಗಿನ ಗಂಟು ಬಿಚ್ಚಿದರು. ತಗಡನ್ನು ಕಿತ್ತು ಹಾಕಿ, ಉಳಿದ ತುಂಡನ್ನು ಬೋರ್ಡಿನ ಬೆನ್ನಿಗೆ ಮಡಿಸಿಟ್ಟು, ಆರು ಸಣ್ಣ ವೈರುಗಳಲ್ಲಿ ಮತ್ತೆ ಬೆಸೆದರು. ಚಿತ್ರ ಬಂತು. ನೀಲಿ ಆಕಾಶ, ಬಿಳಿ ಮೋಡ, ಅಂಗುಲದಷ್ಟು ವಿಮಾನ.

ಸೋಮವಾರ ಇಬ್ಬರೂ ಮೆಟ್ರೋದಲ್ಲಿ ಆಸ್ಪತ್ರೆಗೆ ಹೋದೆವು. ನಾನು ಹೋಗದಿದ್ದರೆ ಅವರು ನಡುವೆ ಎಲ್ಲಾದರೂ ಇಳಿದುಬಿಡುತ್ತಾರೆಂಬ ಅನುಮಾನ ನನಗೆ. ಡಯಾಲಿಸಿಸ್ ವಾರ್ಡಿನಲ್ಲಿ ಎಂಟು ಹಾಸಿಗೆ, ಎಂಟು ಮಷೀನು. ಕಿಟಕಿ ಪಕ್ಕದ್ದರಲ್ಲಿ ಮುನಿತಾಯಮ್ಮ. ಒಣಗಿದ ನುಗ್ಗೆಕಾಯಿಯಂತಿದ್ದ ಎಡಗೈಯಿಂದ ಕೆಂಪು ನಳಿಗೆಗಳು ಹೊರಟಿದ್ದವು. ಕಾಲ ಬಳಿ ಶಿವಕಿರಣ್ ನಿಂತಿದ್ದ. ಮುನಿತಾಯಮ್ಮ ಜಗದಾಂಬಕ್ಕನನ್ನು ನೋಡಿ, "ಬಂದ್ಯಾ? ತಡ ಮಾಡ್ದೆ," ಎಂದರು. ಅಷ್ಟೇ. ಡಬ್ಬಿಯನ್ನು ಬಲಗೈಗೆ ತೆಗೆದುಕೊಂಡು, ಆಡುವ ಮೊದಲು ಉಗುರಿನಲ್ಲಿ ಮುಚ್ಚಳ ತೆರೆದು ಒಳಗೆ ನೋಡಿದರು.

"ಕತ್ತರಿಸಿದ್ದಿ."

"ಹೂಂ."

"ಮತ್ಯಾಕೆ ಸೇರಿಸ್ದೆ?"

"ಪಿಕ್ಚರ್ ಬರ್ಲಿಲ್ಲ."

"ಹೊಸ ಟ್ರಾನ್ಸಿಸ್ಟರ್ ಹಾಕಿದ್ರೆ ಬರ್ತಿತ್ತು. ನಂಗೆ ಕೆಲಸ ಗೊತ್ತಿಲ್ವಾ? ಇವತ್ತಾದ್ರೂ ಸುಳ್ಳು ಹೇಳ್ಬೇಡ ಜಗ್ಗಿ."

ಜಗದಾಂಬಕ್ಕ ಹಾಸಿಗೆಯ ಕಬ್ಬಿಣ ಹಿಡಿದುಕೊಂಡರು. "ಅದು ನನ್ನ ಬೋರ್ಡು ಕಣೇ. ಚುಕ್ಕೆ ನಾನಿಟ್ಟೆ."

"ನಂಗಲ್ಲ, ಇವನಿಗೆ ಹೇಳು," ಎಂದು ಮುನಿತಾಯಮ್ಮ ಮಗನ ಕಡೆ ಗಲ್ಲ ಎತ್ತಿದರು. "ಇವರಪ್ಪ ಸಾಯೋವರೆಗೂ ನನ್ನ ಕೆಲಸಗೇಡಿ ಅಂದ. ಅವತ್ತು ನಿನ್ನ ಮನೆಗೆ ಬಂದಿದ್ದು ಜಗಳಕ್ಕಲ್ಲ. ನಮ್ಮ ಮನೇಗೆ ಬಂದು ಒಂದು ಮಾತು ಹೇಳು ಅಂತ ಕೇಳಕ್ಕೆ. ನಾನೇ ಹೇಳಿದ್ರೆ ಯಾರು ನಂಬ್ತಾರೆ? ಹೇಳು. ಜೋರಾಗಿ ಹೇಳು."

ಜಗದಾಂಬಕ್ಕ ಹೇಳಿದರು. ಟೀ, ಥಿನ್ನರು, ಏಳು ಚುಕ್ಕೆ, ತೆರೆಯದ ಬಾಗಿಲು, ಒಂದನ್ನೂ ಬಿಡಲಿಲ್ಲ. ಎಂಟು ಹಾಸಿಗೆಯವರೂ ಕೇಳಿದರು. ನರ್ಸು ಬಾಗಿಲಲ್ಲೇ ನಿಂತಳು. ಶಿವಕಿರಣ್ ಕಾಲ ಬಳಿಯಿಂದ ತಾಯಿಯ ತಲೆಯ ಹತ್ತಿರಕ್ಕೆ ಬಂದ.

"ಅಪ್ಪ ಕುಡ್ದಾಗೆಲ್ಲ ಈ ಸೆಟ್ ಎತ್ತಿ ತೋರಿಸಿ ನಗ್ತಿದ್ರು," ಎಂದ. "ನಾನೂ ನಗ್ತಿದ್ದೆ ಅಮ್ಮ."

"ಗೊತ್ತು. ಅದಕ್ಕೇ ಕರೆಸಿದ್ದು," ಎಂದು ಮುನಿತಾಯಮ್ಮ ಸ್ವಿಚ್ ಒತ್ತಿ ಆಡತೊಡಗಿದರು.

ಆಮೇಲೆ ಮೂರು ವಾರ, ಡಯಾಲಿಸಿಸ್ ಇದ್ದ ದಿನವೆಲ್ಲ ಜಗದಾಂಬಕ್ಕ ಹೋದರು. ಕ್ಷಮಿಸು ಎಂದು ಇವರು ಕೇಳಲಿಲ್ಲ, ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಸೌಂಡ್ ಜಾಸ್ತಿ, ಸ್ಕ್ರೀನ್ ಮಂಕು, ಇಂಥದೇ ಮಾತು. ಒಂದು ಶುಕ್ರವಾರ ಡಬ್ಬಿ ವಾಪಸ್ ಬಂತು. "ಬಟನ್ ಗಟ್ಟಿ ಅಂತೆ, ಸಡಿಲ ಮಾಡ್ಬೇಕಂತೆ," ಎಂದರು ಜಗದಾಂಬಕ್ಕ.

ಶನಿವಾರ ಬೆಳಿಗ್ಗೆ ಮುಚ್ಚಳ ತೆರೆದವರು ನನ್ನನ್ನು ಕರೆದರು. ಬಟನ್ನಿಗೆ ಏನೂ ಆಗಿರಲಿಲ್ಲ. ಆ ಮೂಲೆಯ ತುಂಡಿನಲ್ಲಿ ದೊಡ್ಡ ಹಸಿರು ಚುಕ್ಕೆ ಇರಲಿಲ್ಲ. ಮುನಿತಾಯಮ್ಮ ಉಗುರಿನಲ್ಲಿ ಕೆರೆದು ಕೆರೆದು ತೆಗೆದಿದ್ದರು, ಗೀರುಗಳು ಕಾಣುತ್ತಿದ್ದವು. ಸಾಸಿವೆ ಕಾಳಿನಷ್ಟು ಚುಕ್ಕೆ ಮಾತ್ರ ತನ್ನ ಜಾಗದಲ್ಲಿತ್ತು.

"ಸುಮಾ, ನಿನ್ನ ಹತ್ರ ಕೆಂಪು ನೈಲ್ ಪಾಲಿಷ್ ಇದ್ಯಾ?"

ನಾನು ಪಕ್ಕದ ಫ್ಯಾನ್ಸಿ ಸ್ಟೋರಿಗೆ ಓಡಿ ತಂದೆ. ಅವರು ಆ ಖಾಲಿ ಜಾಗದಲ್ಲಿ ಒಂದು ಚುಕ್ಕೆ ಇಟ್ಟರು. ಇಟ್ಟು ಅತ್ತರು. ಹನ್ನೊಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಈಗ್ಲೇ ಕೆಂಗೇರಿಗೆ ಹೋಗಿ ಅಕ್ಕ. ಬಟನ್ ನೆಪ ಅಷ್ಟೇ. ಇದನ್ನ ನೀವು ನೋಡ್ಲಿ ಅಂತ ಕಳ್ಸಿದಾರೆ. ಹೋಗಿ ತೋರಿಸಿ."

"ಒಣಗ್ಲಿ ಕಣೇ," ಎಂದರು ಕಣ್ಣೊರೆಸಿಕೊಂಡು. "ನಾಳೆ ಹೋಗ್ತೀನಿ."

ಆ ಮಾತು ಅವರ ಬಾಯಲ್ಲಿ ಕೇಳಿ ನನಗೆ ಸೂಜಿ ಚುಚ್ಚಿದಂತಾಯಿತು. ನೈಲ್ ಪಾಲಿಷ್ ಒಣಗಲು ಒಂದು ದಿನ ಬೇಕೇ? ಕೇಳಬೇಕಿತ್ತು. ಎದುರಿಗೆ ಗಿರಾಕಿ ಇದ್ದಳು, ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಶಿವಕಿರಣನ ಫೋನು ಬಂತು. ಮುನಿತಾಯಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಹಳೇ ಕೆಂಗೇರಿಯ ಸಣ್ಣ ಮನೆ. ನಡುಮನೆಯಲ್ಲಿ ಮಲಗಿಸಿದ್ದರು, ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಜಗದಾಂಬಕ್ಕ ಡಬ್ಬಿಯ ಚೀಲ ಹಿಡಿದು ಬಂದಿದ್ದರು. ಶಿವಕಿರಣ್ ಹೊರಗೆ ಬಂದು ಅವರ ಕೈ ಹಿಡಿದುಕೊಂಡ.

"ನಿನ್ನೆ ಸಾಯಂಕಾಲ ಪೂರ್ತಿ ಬಾಗ್ಲು ಕಡೆನೇ ನೋಡ್ತಿದ್ರು ಆಂಟಿ. 'ಯಾರೋ ತಟ್ಟಿದ ಹಾಗಾಯ್ತು, ಜಗ್ಗಿ ಬಂದ್ಲೇನೋ ನೋಡು' ಅಂದ್ರು. ಮೂರು ಸಲ ಎದ್ದೋಗಿ ನೋಡ್ದೆ. ಯಾರೂ ಇರ್ಲಿಲ್ಲ. 'ನಾಳೆ ಬರ್ತಾರೆ ಬಿಡಮ್ಮ' ಅಂದೆ."

ಬಾಗಿಲು ತೆರೆದೇ ಇತ್ತು, ಜನ ಒಳಗೆ ಹೋಗುತ್ತಿದ್ದರು, ಬರುತ್ತಿದ್ದರು. ಜಗದಾಂಬಕ್ಕ ಮಾತ್ರ ಒಳಗೆ ಕಾಲಿಡಲಾರದೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಹೊರಗೇ ಕೂತುಬಿಟ್ಟರು.